ಕತ್ತರಿ ಇಟ್ಟು ಬಲೆ ಹಿಡಿದ ತಾಜ್‌ಬೀ

ನ್ಯಾಮತಿಯ ಪೇಟೆ ದಾಟಿ ಕೆರೆಯ ಕಡೆ ಇಳಿಯುವ ಓಣಿಯಲ್ಲಿ ಇನ್ನೂ ಎದುರಿಗೆ ಬಂದವರ ಮುಖ ಗುರುತು ಸಿಗದಷ್ಟು ಮಬ್ಬು. ಬೆಳಗಿನ ನಮಾಜು ಮುಗಿಸಿದ ತಾಜ್‌ಬೀ ಸೆರಗನ್ನು ತಲೆಯ ಸುತ್ತ ಬಿಗಿದುಕೊಂಡು ಹಿತ್ತಿಲಿಗೆ ಬರುತ್ತಾರೆ. ಕೋಳಿಗೂಡಿನ ಬಾಗಿಲು ತೆಗೆಯುವುದು ಆಮೇಲೆ, ಮೊದಲು ಗೋಡೆ ನೋಡಬೇಕು. ಮಣ್ಣಿನ ಗೋಡೆಯ ಉದ್ದಕ್ಕೂ ನೆಟ್ಟ ಬಿದಿರ ಗಳುಗಳಿಗೆ ಹಳೆಯ ಮೀನಿನ ಬಲೆಯೊಂದು ಸಡಿಲವಾಗಿ ಜೋತು ಬಿದ್ದಿದೆ. ಅದರ ಅಂಚನ್ನು ಬೆರಳಿನಿಂದ ಸವರುತ್ತಾ, ಕಣ್ಣಿಗೆ ಕಾಣದ ಹರುಕನ್ನು ಕೈಯಲ್ಲೇ ಹುಡುಕುತ್ತಾ ಮೂಲೆಯಿಂದ ಮೂಲೆಗೆ ನಡೆಯುತ್ತಾರೆ. ಒಂದು ಕಡೆ ಬಲೆಯ ಕಣ್ಣು ಬಿಟ್ಟುಕೊಂಡಿದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನೂಲಿನ ಉಂಡೆ ತೆಗೆದು, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಗಂಟು ಹಾಕುತ್ತಾರೆ.

ಗೂಡು ತೆರೆದೊಡನೆ ಹೇಂಟೆಗಳು ಒಂದರ ಮೇಲೊಂದು ಬಿದ್ದು ಹೊರಗೆ ಬರುತ್ತವೆ. ಆದರೆ ಅವರ ಗಮನ ಅವುಗಳ ಮೇಲಿಲ್ಲ. ಮೂಲೆಯಲ್ಲಿ ಬೇರೆಯೇ ಒಂದು ಗೂಡು, ಒಳಗೆ ಬಿಳಿ ಹುಂಜ. ಎರಡೂ ಕೈಗಳನ್ನು ರೆಕ್ಕೆಗಳ ಮೇಲೆ ಬಳಸಿ ಅದನ್ನು ಎತ್ತಿಕೊಳ್ಳುತ್ತಾರೆ. ಎಡ ರೆಕ್ಕೆ ಬಿಡಿಸಿ ಮೂಡಣದ ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ಬಲ ರೆಕ್ಕೆ. ಜುಟ್ಟು ಮುಟ್ಟಿ ನೋಡುತ್ತಾರೆ, ಕಾಲಿನ ಉಗುರು ನೋಡುತ್ತಾರೆ, ಬಾಲದ ಗರಿಗಳನ್ನು ಬೆರಳಲ್ಲಿ ಬಾಚುತ್ತಾರೆ. "ಎಲ್ಲಾ ಸರಿ ಐತೆ," ಎಂದು ತಮಗೆ ತಾವೇ ಹೇಳಿಕೊಂಡು ಕೆಳಗಿಳಿಸುತ್ತಾರೆ. ಕೆಲಸ ಇಲ್ಲಿದ್ದರೂ ಕಿವಿ ಮಾತ್ರ ಓಣಿಯ ಕಡೆಗೇ ಇದೆ.

ಹುಂಜ ಅವರದಲ್ಲ. ಓಣಿಯ ಕೊನೆಯ ಮನೆಯ ದ್ಯಾಮಮ್ಮನವರದು. ದ್ಯಾಮಮ್ಮನವರ ಮಗಳು ಓಬವ್ವನಿಗೆ ನಿನ್ನೆ ಸಂಜೆಯಿಂದ ಹೆರಿಗೆ ನೋವು. ತಾಯಿ ಮಗು ಎರಡೂ ಉಳಿದರೆ ಈ ಹುಂಜವನ್ನು ಊರಾಚೆಯ ಚೌಡಮ್ಮನಿಗೆ ಒಪ್ಪಿಸುವುದಾಗಿ ದ್ಯಾಮಮ್ಮ ಹರಕೆ ಹೊತ್ತಿದ್ದಾರೆ. ದೇವಿಗೆ ಕೊಡುವ ಹುಂಜಕ್ಕೆ ಊನ ಇರಬಾರದು. ಒಂದು ಗರಿ ಮುರಿದಿದ್ದರೂ ಪೂಜಾರಿ ಮುಟ್ಟುವುದಿಲ್ಲ. ಅದನ್ನು ಊನವಿಲ್ಲದೆ ಕಾಯುವ ಹೊಣೆಯನ್ನು ತಾಜ್‌ಬೀ ದೀಪಾವಳಿಯಿಂದ ಈ ವೈಶಾಖದವರೆಗೆ ಹೊತ್ತುಕೊಂಡು ಬಂದಿದ್ದಾರೆ.

ಊರಿನ ದೊಡ್ಡ ಮನುಷ್ಯರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಈಗಿನ ಮಹಾಯುದ್ಧಕ್ಕೆ ಹೋದವರದೂ ಬರುತ್ತದೆ. ಕೋಳಿ ಗೋಡೆ ಹಾರದಂತೆ ನೋಡಿಕೊಳ್ಳುವವರ ಬಗ್ಗೆ ಯಾರು ಬರೆಯುತ್ತಾರೆ? ಆದರೆ ಕೋಳಿ ಗೋಡೆ ಹಾರಿದ್ದರಿಂದಲೇ ಮಾತು ಬಿಟ್ಟ ನೆರೆಹೊರೆಯವರು ಈ ಊರಲ್ಲಿ ಕಡಿಮೆ ಇಲ್ಲ. ಮೆಂತ್ಯದ ಮಡಿ ಕೆದಕಿತು ಎಂದು ಶುರುವಾದ ಜಗಳ ಮದುವೆ ಮನೆಯ ಊಟಕ್ಕೂ ಹೋಗದಷ್ಟು ಬೆಳೆದದ್ದಿದೆ. ಅಂಥ ಎಷ್ಟೋ ಜಗಳಗಳನ್ನು ಮೊಳಕೆಯಲ್ಲೇ ತಡೆದವರು ಈ ಹೆಂಗಸು.

ತಾಜ್‌ಬೀ ಹುಟ್ಟಿದ್ದು ಜಗಳೂರಿನ ಕಡೆ. ತಂದೆ ಸುಬಾನಸಾಬರು ಕುರಿ ಕಾಯುವವರಿಗೆ ಜಾಲಿಮುಳ್ಳಿನ ಬೇಲಿ ಕಟ್ಟಿಕೊಡುತ್ತಿದ್ದರು. ತೋಳ ಒಳಗೆ ಬರಬಾರದು, ಕುರಿ ಹೊರಗೆ ಹೋಗಬಾರದು. ಯಾವ ಮುಳ್ಳು ಯಾವ ಕಡೆ ಮುಖ ಮಾಡಬೇಕು ಎನ್ನುವುದನ್ನು ತಾಜ್‌ಬೀ ಅಪ್ಪನ ಹಿಂದೆ ಓಡಾಡುತ್ತಲೇ ಕಲಿತರು. ಮದುವೆಯಾಗಿ ನ್ಯಾಮತಿಗೆ ಬಂದಾಗ ಗಂಡ ಗನಿಸಾಬರು ಪಾತ್ರೆಗೆ ಕಲಾಯಿ ಹಾಕುತ್ತಾ ಊರೂರು ತಿರುಗುವವರು. ಅವರು ಮನೆಯಲ್ಲಿ ಇರುತ್ತಿದ್ದದ್ದಕ್ಕಿಂತ ಹೊನ್ನಾಳಿ, ಚನ್ನಗಿರಿ, ತ್ಯಾವಣಿಗೆಯ ರಸ್ತೆಗಳಲ್ಲಿ ಇರುತ್ತಿದ್ದದ್ದೇ ಹೆಚ್ಚು. ಮನೆ ನಡೆಸಲು ಹಿತ್ತಿಲಿನ ನಾಟಿ ಕೋಳಿಗಳೇ ಆಸರೆ.

ಹತ್ತು ವರ್ಷದ ಕೆಳಗೆ ಚನ್ನಗಿರಿಯಿಂದ ಬಿಳಿ ಸೀಮೆ ಕೋಳಿ ಬಂತು. ಗನಿಸಾಬರ ಅಕ್ಕ ರಹಮತ್‌ಬೀ ಅಲ್ಲಿನ ಬಂಗಲೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬಂಗಲೆಯ ಕೋಳಿಯ ಮೊಟ್ಟೆಗಳನ್ನು ಕೇಳಿ ಪಡೆದು, ಬುಟ್ಟಿಯಲ್ಲಿ ಹೊಟ್ಟು ತುಂಬಿ, ತಮ್ಮನ ಕೈಯಲ್ಲಿ ಕಳಿಸಿದರು. ತಾಜ್‌ಬೀ ಅವನ್ನು ಕಾವಿಗೆ ಕೂತಿದ್ದ ನಾಟಿ ಹೇಂಟೆಯ ಅಡಿಗೆ ಇಟ್ಟರು. ಮರಿಗಳು ಹತ್ತಿಯಂತೆ ಬೆಳ್ಳಗೆ ಬೆಳೆದವು. ಮೊಟ್ಟೆಯೇನೋ ನಾಟಿಗಿಂತ ಎರಡು ಪಾಲು ಇಟ್ಟವು, ಆದರೆ ಮೈ ಹಗುರ, ಮನಸ್ಸು ಅದಕ್ಕಿಂತ ಹಗುರ. ಬಾಗಿಲು ಕಿರ್ರೆಂದರೆ ಗೋಡೆಯ ಮೇಲೆ, ಪಾತ್ರೆ ಬಿದ್ದರೆ ಪಕ್ಕದ ಮನೆಯ ಹಂಚಿನ ಮೇಲೆ. ಪಕ್ಕದ ಮನೆಯೆಂದರೆ ತಿಪ್ಪೇಶಪ್ಪನವರದು. ಬದನೆ, ಮೆಣಸು, ಮೆಂತ್ಯ ಎಂದು ಹಿತ್ತಿಲನ್ನು ಮಗುವಿನಂತೆ ಸಾಕಿದ ಮನುಷ್ಯ.

"ನಮ್ಮ ಕೋಳಿ ಅವರ ಮೆಂತ್ಯದ ಮಡಿಗೆ ಬಿದ್ದಾಗ ತಿಪ್ಪೇಶಣ್ಣ ಬೈಲಿಲ್ಲ ರೀ," ಎಂದು ತಾಜ್‌ಬೀ ನೆನೆಯುತ್ತಾರೆ. "ಕಿತ್ತು ಬಿದ್ದಿದ್ದ ಸೊಪ್ಪನ್ನೆಲ್ಲಾ ಬಳಿದು ತಂದು ನಮ್ಮ ಹೊಸ್ತಿಲ ಮ್ಯಾಲೆ ಸುರಿದು ಹೋದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು."

ಆಗ ರಹಮತ್‌ಬೀ ಕತ್ತರಿ ಹಿಡಿಯುವುದನ್ನು ಕಲಿಸಿಕೊಟ್ಟರು. ಕೋಳಿ ಇನ್ನೂ ತೂಕಡಿಸುತ್ತಾ ಕೂತಿರುವ ನಸುಕಿನಲ್ಲಿ ಅದನ್ನು ಎತ್ತಿಕೊಳ್ಳಬೇಕು. ಒಂದೇ ರೆಕ್ಕೆಯ ದೊಡ್ಡ ಗರಿಗಳನ್ನು ಕತ್ತರಿಸಬೇಕು. ಎರಡೂ ರೆಕ್ಕೆ ಕತ್ತರಿಸಿದರೆ ತೂಕ ಸಮವಾಗಿ, ಕೋಳಿ ಹೇಗೋ ಬಡಿದುಕೊಂಡು ಗೋಡೆ ಹತ್ತುತ್ತದೆ. ಒಂದೇ ಕತ್ತರಿಸಿದರೆ ಹಾರಲು ಹೋಗಿ ಒಂದು ಪಕ್ಕಕ್ಕೆ ವಾಲಿ ಬೀಳುತ್ತದೆ. ಎಳೆಯ ಗರಿಯ ದೇಟು ನೀಲಿಯಾಗಿದ್ದರೆ ಒಳಗೆ ರಕ್ತ ಇದೆಯೆಂದು ಅರ್ಥ, ಅದನ್ನು ಮುಟ್ಟಬಾರದು. ಬಲಿತ ಗರಿ ಕತ್ತರಿಸಿದರೆ ನಮ್ಮ ಉಗುರು ಕತ್ತರಿಸಿದ ಹಾಗೆ, ನೋವಿಲ್ಲ.

ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಸೀಮೆ ಕೋಳಿಯ ಮರಿಗಳೂ ಹಾಗೆಯೇ ಮನೆಯಿಂದ ಮನೆಗೆ ಹೋದವು. ಚೌಡಮ್ಮನಿಗೆ ಬಿಳಿ ಹುಂಜವೇ ಆಗಬೇಕು. ನಾಟಿಯಲ್ಲಿ ಅಚ್ಚ ಬಿಳಿ ಸಿಗುವುದು ಅಪರೂಪ, ಆದ್ದರಿಂದ ಹರಕೆ ಹೊರುವ ಮನೆಗಳೆಲ್ಲಾ ಈ ಜಾತಿಯನ್ನು ಸಾಕತೊಡಗಿದವು. ಬೆಳಗಾಗುವ ಮೊದಲು ಸೆರಗಿನಲ್ಲಿ ಕತ್ತರಿ ಕಟ್ಟಿಕೊಂಡು ಎರಡು ಮೂರು ಮನೆ ಮುಗಿಸಿ ಬರುವುದು ತಾಜ್‌ಬೀಯವರ ದಿನಚರಿಯಾಯಿತು. ಕೊಟ್ಟವರು ಒಂದು ಹಿಡಿ ಜೋಳ ಕೊಟ್ಟರು, ಕೊಡದವರು ನಗೆ ಕೊಟ್ಟರು. ತಾಜ್‌ಬೀಯವರದೊಂದು ಕಟ್ಟಳೆ ಇತ್ತು. ಮೊದಲು ಆ ಮನೆಯ ಕೋಳಿಗೂಡಿನ ಬಾಗಿಲು ಎಳೆದು ನೋಡುತ್ತಿದ್ದರು. ಬಾಗಿಲು ಸಡಿಲವಿದ್ದರೆ ಕತ್ತರಿ ಸೆರಗಿನಿಂದ ಹೊರಗೆ ಬರುತ್ತಿರಲಿಲ್ಲ.

"ರೆಕ್ಕೆ ಕತ್ತರಿಸಿದ ಕೋಳಿ ಮರ ಹತ್ತಾಕೆ ಆಗಲ್ಲ ನೋಡ್ರಿ. ಮುಂಗುಸಿ ಬಂದ್ರೆ ಎಲ್ಲಿಗೆ ಹೋಗ್ಬೇಕು ಅದು? ಹಾರೋದು ತಪ್ಪಿಸಿದ ಮ್ಯಾಲೆ ಕಾಯೋದು ನಮ್ಮ ಮ್ಯಾಲೆ ಬಿತ್ತು."

ಇನ್ನೊಂದು ಕಟ್ಟಳೆಯೂ ಇತ್ತು. ಹರಕೆಗೆ ಬಿಟ್ಟ ಹುಂಜದ ಕಾಲಿಗೆ ಅರಿಶಿನ ಹಚ್ಚಿದ ದಾರ ಕಟ್ಟಿರುತ್ತಾರೆ. ಅದಕ್ಕೆ ಕತ್ತರಿ ಸೋಕಿಸುವಂತಿಲ್ಲ. ನಸುಕಿನ ಮಬ್ಬಿನಲ್ಲಿ ಬಣ್ಣ ಕಾಣುವುದಿಲ್ಲವೆಂದು ತಾಜ್‌ಬೀ ಮೊದಲು ಕಾಲು ಮುಟ್ಟಿ ನೋಡುತ್ತಿದ್ದರು, ಎರಡೂ ಕಾಲು. ದಾರ ಬೆರಳಿಗೆ ಸಿಕ್ಕರೆ ಆ ಹುಂಜವನ್ನು ಹಾಗೇ ಬಿಟ್ಟುಬಿಡುತ್ತಿದ್ದರು.

ಎರಡು ವರ್ಷದ ಹಿಂದಿನ ಮಾತು. ಓಬವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದ್ಯಾಮಮ್ಮನವರ ಮನೆಯಲ್ಲಿ ಒಂದೇ ಕಾವಿನ ಬಿಳಿ ಮರಿಗಳು ದೊಡ್ಡವಾಗಿ ಬೀದಿ ಅಳೆಯುತ್ತಿದ್ದವು. ಅವುಗಳಲ್ಲಿ ಒಂದು ಹರಕೆಯದು. ಅದರ ಕಾಲಿನ ದಾರ ಹಿಂದಿನ ದಿನ ಬಿಚ್ಚಿ ಅಂಗಳದಲ್ಲಿ ಬಿದ್ದದ್ದನ್ನು ದ್ಯಾಮಮ್ಮ ನೋಡಿದ್ದರು. ಕೈ ಬಿಡುವಾದಾಗ ಕಟ್ಟಿದರಾಯಿತೆಂದು ದಾರವನ್ನು ಗೂಟಕ್ಕೆ ಸಿಕ್ಕಿಸಿದ್ದರು. ಬಸುರಿ ಮಗಳನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಕೈ ಬಿಡುವಾಗಲೇ ಇಲ್ಲ. ಮರುದಿನ ನಸುಕಿನಲ್ಲಿ ತಾಜ್‌ಬೀ ಬಂದರು. ಒಂದೊಂದರ ಕಾಲನ್ನೂ ಮುಟ್ಟಿದರು. ಯಾವ ಕಾಲಿನಲ್ಲೂ ದಾರ ಸಿಗಲಿಲ್ಲ. ಒಂದೊಂದರ ರೆಕ್ಕೆಯನ್ನೂ ಕತ್ತರಿಸಿದರು.

ಬೆಳಕು ಹರಿದ ಮೇಲೆ ದ್ಯಾಮಮ್ಮ ಹೊರಗೆ ಬಂದು ನೋಡಿದರು. ಅಂಗಳದಲ್ಲಿ ಬಿದ್ದಿದ್ದ ಬಿಳಿ ಗರಿಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡು ಒಳಗೆ ಹೋದರು. ವಿಷಯ ತಿಳಿದ ತಾಜ್‌ಬೀ ಓಡಿ ಬಂದು, ಮೋಟು ಗರಿಗಳನ್ನು ಕಿತ್ತರೆ ಆ ಜಾಗದಲ್ಲಿ ಹೊಸವು ಬರುತ್ತವೆ, ಎರಡು ತಿಂಗಳು ಸಾಕು, ತಾನೇ ಸಾಕಿ ಬೆಳೆಸಿ ಕೊಡುತ್ತೇನೆ ಎಂದು ಬೇಡಿಕೊಂಡರು. ಹೆರಿಗೆಗೆ ಇನ್ನೂ ಅಷ್ಟು ಸಮಯ ಇತ್ತು. ದ್ಯಾಮಮ್ಮ ಒಪ್ಪಿ ತಲೆಯಾಡಿಸಿದರು. ತಾಜ್‌ಬೀ ಹುಂಜವನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಮೋಟು ಕಿತ್ತರು. ಕತ್ತರಿಸಿದಾಗ ಇಲ್ಲದ ನೋವು ಕೀಳುವಾಗ ಇತ್ತು. ಹುಂಜ ಕೂಗಿದ ಕೂಗನ್ನು ಅವರು ಇಂದಿಗೂ ಮರೆತಿಲ್ಲ.

ಹೊಸ ಗರಿ ಬೆರಳುದ್ದ ಬರುವ ಮೊದಲೇ ಓಬವ್ವನಿಗೆ ನೋವು ಕಾಣಿಸಿಕೊಂಡಿತು. ಕೂಸು ಹುಟ್ಟಿತು, ಅಳಲಿಲ್ಲ. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು ಎಂದು ಸೂಲಗಿತ್ತಿ ಹೇಳಿದಳು. ಆದರೆ ಓಣಿಯ ಬಾಯಿ ಬೇರೆಯೇ ಹೇಳಿತು. ದೇವರ ಹುಂಜಕ್ಕೆ ಕತ್ತರಿ ಹಾಕಿದ ಮೇಲೆ ಮತ್ತೇನಾಗುತ್ತದೆ ಎಂದರು. ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟುಕೊಟ್ಟರು. ಅದಕ್ಕಿಂತ ದೊಡ್ಡ ಶಿಕ್ಷೆ ಒಂದು ಸಣ್ಣ ಊರಿನಲ್ಲಿ ಇಲ್ಲ. ಮನೆಗೆ ವಾಪಸು ಹೋದ ಆ ಹುಂಜವನ್ನು ಕೆಲವೇ ದಿನಗಳಲ್ಲಿ ಕಾಡುಬೆಕ್ಕು ಹೊತ್ತುಕೊಂಡು ಹೋಯಿತು. ಮಾಡಿಗೆ ಹಾರಲು ಅದಕ್ಕೆ ರೆಕ್ಕೆ ಇರಲಿಲ್ಲ.

"ಬಳ್ಳಿ ಸುತ್ಕೊಂಡಿತ್ತು ಅಂತ ನಂಗೂ ಗೊತ್ತೈತೆ ರೀ," ಎನ್ನುತ್ತಾರೆ ತಾಜ್‌ಬೀ. "ದೇವರು ಕೋಳಿ ಗರಿ ಎಣಿಸಿ ಕೂಸಿನ ಉಸಿರು ತೆಗೀತಾನೆ ಅಂತ ನಾನು ನಂಬಲ್ಲ. ಆದ್ರೂ ಕತ್ತರಿ ಹಿಡಿದ ಕೈ ಇದೇ ಅಲ್ವಾ? ಊಟಕ್ಕೆ ಕೂತ್ರೆ ಇದೇ ಕೈಯಾಗೆ ಉಣ್ಬೇಕಿತ್ತು."

ಕತ್ತರಿ ತಗಡಿನ ಪೆಟ್ಟಿಗೆಯ ತಳಕ್ಕೆ ಸೇರಿತು. ಯಾರ ಮನೆಗೂ ಹೋಗುವುದು ನಿಂತಿತು. ಆದರೆ ಅವರದೇ ಹಿತ್ತಿಲಿನ ಕೋಳಿಗಳಿಗೆ ಗರಿ ಉದುರಿ ಹೊಸ ಗರಿ ಬಂದು, ಮತ್ತೆ ತಿಪ್ಪೇಶಪ್ಪನವರ ಹಂಚಿನ ಮೇಲೆ ಸಾಲಾಗಿ ಕೂರತೊಡಗಿದವು. ಕೋಳಿ ಮಾರಿಬಿಡೋಣ ಎಂದರು ಗನಿಸಾಬ. ಮಾರಿದರೆ ಒಲೆ ಉರಿಯುವುದು ಹೇಗೆ? ಹಲವು ದಿನ ತಾಜ್‌ಬೀ ಸುಮ್ಮನೆ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಕೋಳಿಗಳನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಒಂದು ಸಂಗತಿ ಹೊಳೆಯಿತು. ಕೋಳಿ ಹಕ್ಕಿಯ ಹಾಗೆ ಗೋಡೆಯನ್ನು ದಾಟಿ ಹಾರುವುದಿಲ್ಲ. ಮೊದಲು ಗೋಡೆಯ ತಲೆಯ ಮೇಲೆ ಕೂರುತ್ತದೆ, ಅತ್ತಿತ್ತ ನೋಡುತ್ತದೆ, ಆಮೇಲೆ ಆಚೆ ಧುಮುಕುತ್ತದೆ. ಕೂರಲು ಗಟ್ಟಿ ಜಾಗ ಇಲ್ಲದಿದ್ದರೆ?

ಗೋಡೆ ಎತ್ತರಿಸಿದರೆ ಪ್ರಯೋಜನವಿಲ್ಲ, ಎತ್ತರದ ಗೋಡೆಗೂ ತಲೆ ಇರುತ್ತದೆ. ಅಪ್ಪನ ಜಾಲಿಮುಳ್ಳು ಇಟ್ಟು ನೋಡಿದರು. ಕೋಳಿಯ ಕಾಲು ಸೀಳಿತು, ಅದೇ ದಿನ ತೆಗೆದು ಹಾಕಿದರು. ಕಾಲಿಟ್ಟರೆ ಕುಸಿಯುವ, ಆದರೆ ಚುಚ್ಚದ ವಸ್ತು ಬೇಕಿತ್ತು. ಹೊನ್ನಾಳಿಯಲ್ಲಿ ಕಲಾಯಿ ಹಾಕಲು ಹೋಗಿದ್ದ ಗನಿಸಾಬರು ಹೊಳೆಯ ದಂಡೆಯಲ್ಲಿ ಬೆಸ್ತರು ಬಿಸಾಡಿದ್ದ ಹಳೆಯ ಬಲೆಯೊಂದನ್ನು ತಂದರು. ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಅದ್ದಿ ಕಂದು ತಿರುಗಿದ್ದ, ಇನ್ನೂ ಮೀನಿನ ವಾಸನೆ ಬಿಡದ ಬಲೆ. ಅವರು ತಂದದ್ದು ಕಲಾಯಿ ಸಾಮಾನು ಕಟ್ಟಿಕೊಳ್ಳಲು. ಹೆಂಡತಿ ಅದನ್ನು ಕಿತ್ತುಕೊಂಡು ಗಂಡನ ಕೈಯಿಂದಲೇ ಗೋಡೆಯ ಮೇಲೆ ಕಟ್ಟಿಸಿದರು.

"ಬಿಗಿಯಾಗಿ ಕಟ್ಟಿದೆ ಮೊದ್ಲು. ಕೋಳಿ ಅದರ ಮ್ಯಾಲೂ ಕೂತ್ವು," ಎಂದು ನಗುತ್ತಾರೆ ಗನಿಸಾಬ. "ಆಮ್ಯಾಗೆ ಈಕೆ ಸಡ್ಲ ಬಿಟ್ಟಳು. ಕಾಲಿಟ್ರೆ ತೂಗಾಡ್ತೈತೆ. ಕೂತ್ಕೊಳಾಕೆ ಹೋಗಿ ಹೋಗಿ ಬೇಸರ ಬಂದು, ಕೆಳಗೇ ಉಳ್ಕೊಂಡ್ವು."

ಹೀಗೆ ಕತ್ತರಿ ಹೋಗಿ ಬಲೆ ಬಂತು. ಮೊದಮೊದಲು, ತಾಜ್‌ಬೀಯವರನ್ನು ಬೂಬಮ್ಮ ಎಂದೇ ಕರೆಯುವ ಓಣಿಯ ಜನ ನಕ್ಕರು. ಬೂಬಮ್ಮ ಆಕಾಶದಲ್ಲಿ ಮೀನು ಹಿಡಿಯುತ್ತಾರಂತೆ ಎಂದು ಚಾಷ್ಟಿ ಮಾಡಿದರು. ಚಾಷ್ಟಿ ಮಾಡಿದವರ ಹಿತ್ತಿಲಿಗೂ ವರ್ಷ ತುಂಬುವುದರೊಳಗೆ ಬಲೆ ಬಂತು. ಈಗ ತಾಜ್‌ಬೀ ವಾರಕ್ಕೊಮ್ಮೆ ಹೊನ್ನಾಳಿ ಸಂತೆಗೆ ಹೋಗಿ ಬೆಸ್ತರ ಮನೆಗಳಲ್ಲಿ ಹರಿದ ಬಲೆ ಕೇಳಿ ತರುತ್ತಾರೆ. ಯುದ್ಧ ಶುರುವಾದ ಮೇಲೆ ನೂಲು ಸಿಗುವುದು ಕಷ್ಟ, ಬೆಸ್ತರೂ ಬಲೆಯನ್ನು ಪೂರ್ತಿ ಹರಿಯುವವರೆಗೆ ಬಿಡುವುದಿಲ್ಲ. ಸಿಕ್ಕಿದ್ದನ್ನು ಹೊಲಿದು, ತೇಪೆ ಹಾಕಿ, ಯಾರ ಗೋಡೆಗೆ ಬೇಕೋ ಅಲ್ಲಿ ಹೋಗಿ ಕಟ್ಟಿ ಬರುತ್ತಾರೆ. ಚನ್ನಗಿರಿಯ ಬಂಗಲೆಯ ತೋಟಕ್ಕೂ ಒಮ್ಮೆ ಕಟ್ಟಿ ಬಂದದ್ದಿದೆ.

ದ್ಯಾಮಮ್ಮ ಮಾತ್ರ ಮಾತು ಬಿಟ್ಟದ್ದು ಬಿಟ್ಟೇ ಇದ್ದರು. ಓಣಿಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಹೋಗುತ್ತಿದ್ದರು. ಕಳೆದ ದೀಪಾವಳಿ ಮುಗಿದ ಮರುವಾರ ಅವರು ತಾವಾಗಿ ಬಾಗಿಲಿಗೆ ಬಂದರು. ತೋಳಿನಲ್ಲಿ ಎಳೆಯ ಬಿಳಿ ಹುಂಜ. ಅದರ ಕಾಲಿನಲ್ಲಿ ಹೊಸ ಅರಿಶಿನದ ದಾರ, ಒಂದಲ್ಲ, ಎರಡೂ ಕಾಲಿನಲ್ಲಿ.

"ಓಬವ್ವಗೆ ಮತ್ತೆ ತಿಂಗ್ಳು ನಿಂತೈತೆ," ಎಂದರು ದ್ಯಾಮಮ್ಮ. "ನಮ್ಮನ್ಯಾಗೆ ಗೋಡೆ ಇಲ್ಲ. ಕಟ್ಟಿ ಹಾಕಿದ್ರೆ ಕಾಲು ಗಾಯ ಆಗ್ತೈತೆ, ಬುಟ್ಟಿಯಾಗೆ ಮುಚ್ಚಿದ್ರೆ ಬಾಲ ಮುರೀತೈತೆ. ಇದು ನಿನ್ನ ಹತ್ರ ಇರ್ಲಿ."

ತಾಜ್‌ಬೀಗೆ ಕೈ ಮುಂದಕ್ಕೆ ಬರಲಿಲ್ಲ. "ನನ್ನ ಹತ್ರನಾ ದ್ಯಾಮಕ್ಕ? ಇಷ್ಟಾದ ಮ್ಯಾಲೆ? ಬ್ಯಾರೆ ಯಾರಿಗಾದ್ರೂ ಕೊಡು."

"ನೀನು ಒಂದ್ಸಲ ತಪ್ಪಿದಾಕೆ," ಎಂದರು ದ್ಯಾಮಮ್ಮ. "ಇನ್ನೊಂದ್ಸಲ ತಪ್ಪಾಕಿಲ್ಲ. ಬ್ಯಾರೆಯವರು ಇನ್ನೂ ತಪ್ಪೇ ಇಲ್ಲ, ಅವರನ್ನ ಹೆಂಗೆ ನಂಬ್ಲಿ?"

ಹುಂಜವನ್ನು ಕೈಗೆ ಕೊಟ್ಟು, ತಿರುಗಿ ನೋಡದೆ ಹೋದರು. ಆ ಮಾತು ಬೈಗುಳವೋ ನಂಬಿಕೆಯೋ ಎಂದು ತಾಜ್‌ಬೀ ಆ ದಿನವೆಲ್ಲ ಯೋಚಿಸಿದರು. ಎರಡೂ ಇರಬಹುದು. ಆದರೆ ಹುಂಜದ ಎದೆ ಅವರ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು, ಅದಂತೂ ನಿಜ.

ಅಂದಿನಿಂದ ಈ ಮನೆಯವರಿಗೆ ನೆಮ್ಮದಿಯ ನಿದ್ದೆ ಇಲ್ಲ. ತಾಜ್‌ಬೀ ಹೊನ್ನಾಳಿಗೆ ಹೋದ ದಿನ ಗನಿಸಾಬರು ಕಲಾಯಿ ಕುಲುಮೆ ಹೂಡದೆ ಮನೆಯಲ್ಲೇ ಉಳಿಯುತ್ತಾರೆ. ಬೇರೆ ಹುಂಜದ ಜೊತೆ ಕಾದಾಡಿ ಗರಿ ಕಳೆದುಕೊಳ್ಳಬಾರದೆಂದು ತಮ್ಮ ಹುಂಜವನ್ನು ಮಾರಿಬಿಟ್ಟರು. ಹಾಗೆ ಕಾಯುತ್ತಿದ್ದರೂ ಕಳೆದ ವಾರ ಎಲ್ಲವೂ ಕೈ ತಪ್ಪಿ ಹೋಗುವುದರಲ್ಲಿತ್ತು.

ಭರಣಿ ಮಳೆ ಗಾಳಿಯನ್ನು ಮುಂದೆ ಮಾಡಿಕೊಂಡು ಬಂತು. ಮಧ್ಯಾಹ್ನದ ಹೊತ್ತು. ಒಂದು ಬಿದಿರ ಗಳು ಬುಡ ಸಮೇತ ಕಿತ್ತು ಬಿತ್ತು, ಅದರ ಜೊತೆ ಬಲೆಯೂ ನೆಲಕ್ಕೆ ಬಂತು. ತಾಜ್‌ಬೀ ಒಲೆಯ ಮುಂದಿನಿಂದ ಎದ್ದು ಓಡಿ ಬರುವಷ್ಟರಲ್ಲಿ ಹುಂಜ ಬರಿಗೋಡೆಯ ಮೇಲಿತ್ತು. ಅಲ್ಲಿಂದ ತಿಪ್ಪೇಶಪ್ಪನವರ ಹಂಚು, ಹಂಚಿನಿಂದ ಅವರ ಹಿತ್ತಿಲಿನ ಬೇವಿನ ಮರದ ತುದಿ. ಸೀಮೆ ಕೋಳಿಯ ರಕ್ತಕ್ಕೆ ಪೂರ್ತಿ ರೆಕ್ಕೆ ಸೇರಿದರೆ ಇನ್ನೇನಾಗುತ್ತದೆ!

ಮಳೆ ಹನಿದು ನಿಂತಿತು. ಓಣಿಯವರೆಲ್ಲಾ ಮರದ ಕೆಳಗೆ ಸೇರಿದರು. ಒಬ್ಬರು ದೋಟಿ ತಂದರು, ಇನ್ನೊಬ್ಬರು ಕಲ್ಲು ಎತ್ತಿದರು. "ಯಾರೂ ಹೊಡೀಬ್ಯಾಡ್ರಿ!" ಎಂದು ತಾಜ್‌ಬೀ ಕೂಗಿದ ದನಿಗೆ ಎಲ್ಲರೂ ಬೆಚ್ಚಿದರು. ಮರ ಹತ್ತಿದರೆ ಹೆದರಿ ಇನ್ನೆಲ್ಲಿಗೋ ಹಾರುತ್ತದೆ. ಹಿಡಿಯಲು ಹೋಗಿ ಬಾಲ ಕೈಗೆ ಬಂದರೆ ಊನವಾಗುತ್ತದೆ. ಹಾಗೇ ಬಿಟ್ಟು ಕತ್ತಲಾದರೆ ಕಾಡುಬೆಕ್ಕು. ಅದು ತಾನಾಗಿ ಇಳಿಯಬೇಕು. ಇಳಿಯಬೇಕೆಂದರೆ ಅದರ ಜೊತೆಯ ಹೇಂಟೆಗಳು ಮರದ ಬುಡದಲ್ಲಿ ಮೇಯುತ್ತಿರಬೇಕು.

ಮರದ ಬುಡದಲ್ಲಿ ಇದ್ದದ್ದು ಮೆಣಸಿನ ಸಸಿಯ ಮಡಿ. ನಾಲ್ಕು ಬೆರಳು ಎತ್ತರ ಬಂದ, ಇನ್ನೆರಡು ವಾರಕ್ಕೆ ಕಿತ್ತು ನೆಡಬೇಕಾದ ಸಸಿ. ತಿಪ್ಪೇಶಪ್ಪನವರ ಈ ವರ್ಷದ ಮೆಣಸಿನ ಬೆಳೆಯೆಲ್ಲಾ ಆ ಮಡಿಯಲ್ಲಿತ್ತು. ಮೆಂತ್ಯದ ಸೊಪ್ಪನ್ನು ಹೊಸ್ತಿಲಿಗೆ ಸುರಿದು ಹೋದ ದಿನದಿಂದ ಅವರು ತಾಜ್‌ಬೀಯವರ ಜೊತೆ ನೆಟ್ಟಗೆ ಮಾತಾಡಿದವರಲ್ಲ. ತಾಜ್‌ಬೀ ಬಾಯಿ ತೆರೆದು ಕೇಳಲಿಲ್ಲ. ಕೇಳುವ ಮುಖ ಅವರಿಗಿರಲಿಲ್ಲ. ಮರದ ತುದಿ ನೋಡಿದರು, ಮಡಿ ನೋಡಿದರು. ಸ್ವಲ್ಪ ಆಚೆ ದ್ಯಾಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

ತಿಪ್ಪೇಶಪ್ಪ ಕೆಮ್ಮಿದರು. "ಹ್ಯಾಟೆಗಳ್ನ ಬಿಡ್ರಿ ಬೂಬಮ್ಮ."

"ಸಸಿ ಹಾಳಾಗ್ತಾವಲ್ಲ ತಿಪ್ಪೇಶಣ್ಣ..."

"ಸಸಿ ಮತ್ತೆ ಬಿತ್ತಬೋದು. ಬಿಡ್ರಿ ಅಂದೆ."

ತಾವೇ ಹೋಗಿ ಬೇಲಿಯ ಬಾಗಿಲು ತೆಗೆದು ಹಿಡಿದರು. ಹೇಂಟೆಗಳು ಒದ್ದೆ ಮಣ್ಣಿಗೆ ನುಗ್ಗಿ, ಕಾಲು ಬೀಸಿ ಬೀಸಿ ಕೆದರತೊಡಗಿದವು. ಎಳೆಯ ಸಸಿಗಳು ಬೇರು ಸಮೇತ ಹಿಂದಕ್ಕೆ ಹಾರಿದವು. ತಿಪ್ಪೇಶಪ್ಪ ತುಟಿ ಬಿಗಿಹಿಡಿದು, ಕಣ್ಣು ಬೇರೆ ಕಡೆ ಹೊರಳಿಸದೆ ನೋಡುತ್ತಾ ನಿಂತರು. ಆ ಹೊತ್ತಿನಲ್ಲಿ ಅವರನ್ನು ಕಂಡವರು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದಿರಬೇಕು. ಹುಂಜ ಕೊಕ್ಕೊಕ್ಕೋ ಎಂದಿತು. ತುದಿಯಿಂದ ನಡುಕೊಂಬೆಗೆ ಬಂತು, ಅಲ್ಲಿಂದ ಕೆಳಗಿನ ಕೊಂಬೆಗೆ. ಕೊನೆಗೆ ಮಡಿಯ ನಡುವೆ ಇಳಿದು, ಏನೋ ದೊಡ್ಡ ಉಪಕಾರ ಮಾಡಿದವರ ಗತ್ತಿನಲ್ಲಿ ಹೇಂಟೆಗಳನ್ನು ಕರೆಯತೊಡಗಿತು. ಕೆಸರಲ್ಲೇ ಕುಕ್ಕರಿಸಿದ್ದ ತಾಜ್‌ಬೀ ಅಂಗೈಯಲ್ಲಿ ಜೋಳ ಹಿಡಿದು ಕಾದರು. ಅದು ಹತ್ತಿರ ಬಂದು ಕೊಕ್ಕು ಹಾಕಿದಾಗ ಎರಡೂ ಕೈ ರೆಕ್ಕೆಯ ಮೇಲೆ ಬಳಸಿದರು. ಒಂದು ಗರಿಯೂ ಮುರಿದಿರಲಿಲ್ಲ.

ಮಡಿಯಲ್ಲಿ ಒಂದು ಸಸಿಯೂ ಉಳಿದಿರಲಿಲ್ಲ. ಮಾರನೆಯ ದಿನ ಗನಿಸಾಬರು ಹೊನ್ನಾಳಿಯವರೆಗೆ ನಡೆದು ಹೋಗಿ ಮೆಣಸಿನ ಬೀಜ ತಂದು ಕೊಟ್ಟರು. "ಆ ಬೂಬಮ್ಮನ ಕೋಳಿ ಇನ್ನೊಂದ್ಸಲ ನನ್ನ ಹಿತ್ಲಿಗೆ ಬಂದ್ರೆ ಸಾರು ಮಾಡ್ತೀನಿ ಅಂತಿದ್ದೆ," ಎಂದು ತಿಪ್ಪೇಶಪ್ಪ ಹೊಸ ಮಡಿಗೆ ನೀರು ಚಿಮುಕಿಸುತ್ತಾ ಹೇಳುತ್ತಾರೆ. "ನಾನು ಕೋಳಿ ತಿನ್ನೋನಲ್ಲ ಅಂತ ಅವರಿಗೂ ಗೊತ್ತು ಬಿಡ್ರಿ."

ಕೊನೆಗೆ ಕತ್ತಿಗೆ ಹೋಗುವ ಹುಂಜಕ್ಕೆ ಇಷ್ಟೊಂದು ಜೋಪಾನ ಯಾಕೆ ಎಂದು ಕೇಳುವವರಿದ್ದಾರೆ. ತಾಜ್‌ಬೀಗೆ ಆ ಪ್ರಶ್ನೆ ಹೊಸದಲ್ಲ. "ಸಾಕಿದ್ದನ್ನ ಕೊಡೋವಾಗ ಸಂಕಟ ಆಗ್ತೈತೆ, ಇಲ್ಲ ಅನ್ನಲ್ಲ. ಆದ್ರೆ ಕೊಡೋದು ಅಂದ್ಮ್ಯಾಲೆ ಪೂರ್ತಿ ಕೊಡಬೇಕು ನೋಡ್ರಿ. ದ್ಯಾಮಕ್ಕ ಅರ್ಧ ಹೆದರ್ಕೊಂಡು ಹರಕೆ ಹೊತ್ತಿಲ್ಲ."

ಹೊತ್ತು ಏರಿದೆ. ಹೇಂಟೆಗಳಿಗೆ ನುಚ್ಚು ಹಾಕಿ, ನೀರಿನ ಬಾನಿ ತುಂಬಿಸಿ, ತಾಜ್‌ಬೀ ಮತ್ತೆ ಬಲೆಯ ಮುಂದೆ ನಿಲ್ಲುತ್ತಾರೆ. ಹಾಕಿದ ಗಂಟನ್ನೇ ಇನ್ನೊಮ್ಮೆ ಬಿಗಿಯುತ್ತಾರೆ. ಯಾರೋ ಓಣಿಯಲ್ಲಿ ಓಡಿದ ಸಪ್ಪಳವಾದರೆ ಕೈ ನಿಲ್ಲುತ್ತದೆ. ನಿನ್ನೆ ಸಂಜೆಯಿಂದ ಅವರು ಒಂದು ತುತ್ತು ತಿಂದಿಲ್ಲ. ಗನಿಸಾಬರು ಚಹಾ ತಂದು ಕಲ್ಲಿನ ಮೇಲೆ ಇಟ್ಟು ಹೋಗಿದ್ದಾರೆ, ಅದು ಅಲ್ಲೇ ಆರಿದೆ.

ಹಿತ್ತಿಲ ಬಾಗಿಲಿನಾಚೆ ದ್ಯಾಮಮ್ಮ ಕಾಣಿಸಿಕೊಳ್ಳುತ್ತಾರೆ. ಮನೆಯಲ್ಲಿ ಪುರುಡು, ಹೆರಿಗೆಯ ಮೈಲಿಗೆ, ಆದ್ದರಿಂದ ಒಳಗೆ ಬರುವುದಿಲ್ಲ. ಕೂದಲು ಕೆದರಿದೆ, ಕಣ್ಣು ಕೆಂಪಾಗಿದೆ. ಆ ಮುಖ ನೋಡಿ ಏನೂ ಹೇಳಲಾಗದು.

"ತಾಜಮ್ಮ, ಹೆಣ್ಣು ಕೂಸು."

ತಾಜ್‌ಬೀ ಹಿಡಿದ ದಾರ ಬಿಡುವುದಿಲ್ಲ. "ಅತ್ತಿತಾ ದ್ಯಾಮಕ್ಕ?"

"ಅಳ್ತಾನೇ ಐತೆ. ಓಣಿಗೆಲ್ಲಾ ಕೇಳ್ತೈತೆ. ನಿನ್ನ ಕೋಳಿಗಳ್ನ ಸುಮ್ನಿರ್ಸು, ನಿಂಗೂ ಕೇಳ್ತೈತೆ."

ಕೋಳಿಗಳು ಎಲ್ಲಿ ಸುಮ್ಮನಿರುತ್ತವೆ? ತಾಜ್‌ಬೀ ಬಾಗಿಲವರೆಗೆ ಹೋಗಿ, ತಲೆಯ ಸೆರಗು ಸರಿಸಿ ಕಿವಿಗೊಡುತ್ತಾರೆ. ಓಣಿಯ ಕೊನೆಯಿಂದ ಸಣ್ಣ ದನಿಯೊಂದು, ಸಿಟ್ಟಿನಿಂದ, ಬಿಟ್ಟೂ ಬಿಡದೆ ಅಳುತ್ತಿದೆ. ಅವರ ಕಣ್ಣು ತುಂಬಿ ಬರುತ್ತದೆ. ಒರೆಸಿಕೊಳ್ಳುವುದೂ ಇಲ್ಲ, ಮರೆ ಮಾಡುವುದೂ ಇಲ್ಲ.

"ಹನ್ನೊಂದಕ್ಕೆ ಪುರುಡು ಕಳೀತೈತೆ. ಅವತ್ತು ಬಂದು ಒಯ್ತೀನಿ," ಎನ್ನುತ್ತಾರೆ ದ್ಯಾಮಮ್ಮ. "ಅಲ್ಲೀತನ್ಕ..."

"ಅಲ್ಲೀತನ್ಕ ನನ್ನ ಜಿಮ್ಮೆ. ನೀನು ಹೋಗಿ ಮಲಗು."

ದ್ಯಾಮಮ್ಮ ಹೋದ ಮೇಲೆ ತಾಜ್‌ಬೀ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಬಿಳಿ ಹುಂಜ ಬಾನಿಯ ಅಂಚಿನ ಮೇಲೆ ನಿಂತು ರೆಕ್ಕೆ ಬಡಿಯುತ್ತಿದೆ. ಅದನ್ನೇ ನೋಡುತ್ತಾ ಅವರು ಹೇಳುತ್ತಾರೆ:

"ಇಷ್ಟು ವರ್ಷ ಕೋಳಿ ಹೊರಗೆ ಹೋಗಬಾರ್ದು ಅಂತ ಕಾದಿದ್ದೇ ಆತು ರೀ. ಇದೊಂದು ಹೋಗ್ಲಿ ಅಂತ ಕಾಯ್ತಿದೀನಿ. ಗೋಡೆ ಹಾರ್ಕೊಂಡು ಅಲ್ಲ. ಎರಡೂ ರೆಕ್ಕೆ ಪೂರ್ತಿ ಇಟ್ಕೊಂಡು, ಎಲ್ಲಾರೂ ನೋಡಂಗೆ, ಬಾಗಿಲಾಗೆ ಹೋಗ್ಲಿ."